87 ಡಾಲರ್ ಜಾಕೆಟ್ಟು, ಒಂದು ಕೋವಿ

ಅಂಗಡಿಯವರು ಕಂಪ್ಯೂಟರ್ ಪರದೆ ನೋಡಿ ಕನ್ನಡಕ ತೆಗೆದರು. ‘ಡಿಲೇ ಅಂತ ಬಂದಿದೆ ಸರ್’ ಅಂದರು.

2023ರ ಆಗಸ್ಟ್ ತಿಂಗಳು, ಟೆಕ್ಸಸ್‌ನ ಒಂದು ಸಣ್ಣ ಊರಿನ ಕೋವಿ ಅಂಗಡಿ. ನಾನು ಆರಿಸಿದ್ದ 12 ಬೋರಿನ ಜೋಡಿನಳಿಗೆ ಗಾಜಿನ ಕೌಂಟರ್ ಮೇಲೆ ಮಲಗಿತ್ತು. ದುಡ್ಡು ಕೊಡಲು ಕಾರ್ಡ್ ಕೈಯಲ್ಲೇ ಹಿಡಿದುಕೊಂಡಿದ್ದೆ.

‘ಯಾಕಂತೆ?’

‘ಕಾರಣ ನಮಗೆ ಹೇಳುವುದಿಲ್ಲ. ನಿಮ್ಮದೇ ಹೆಸರಿನ ಇನ್ಯಾರೋ ಏನೋ ಮಾಡಿರಬಹುದು. ಎಷ್ಟೋ ಜನಕ್ಕೆ ಹೀಗಾಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.’

ನನ್ನ ಹೆಸರು, ಅದರ ಹಿಂದೆ ನಮ್ಮ ಮನೆತನದ ಹೆಸರು. ಎರಡೂ ಇರುವ ಇನ್ನೊಬ್ಬ ಇಡೀ ಅಮೆರಿಕದಲ್ಲಿ ಸಿಗಲಿಕ್ಕಿಲ್ಲ. ಮಾಡಿದವನು ನಾನೇ. 13 ವರ್ಷದ ಹಿಂದೆ.

ನಮ್ಮದು ಕೊಡಗು. ನಮ್ಮಲ್ಲಿ ಕೋವಿ ಅಂದರೆ ಅಟ್ಟದ ಮೇಲಿನ ತಾಮ್ರದ ಹಂಡೆ ಇದ್ದ ಹಾಗೆ, ಮನೆಯ ಸಾಮಾನು. ಬ್ರಿಟಿಷರ ಕಾಲದಿಂದಲೂ ಕೊಡವರಿಗೆ ಮತ್ತು ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೋರ್ಟಿಗೆ ಹೋದವರಿದ್ದರು, 2021ರಲ್ಲಿ ಹೈಕೋರ್ಟ್ ಕೂಡ ಸರಿ ಎಂದಿತು. ಕೈಲ್ ಪೊಳ್ದ್ ಅಂದರೆ ನಮ್ಮ ಆಯುಧ ಪೂಜೆಯ ಹಬ್ಬ. ಆ ದಿನ ಕೋವಿ ತೊಳೆದು, ಎಣ್ಣೆ ಹಚ್ಚಿ, ತೋಕ್ ಪೂ ಅನ್ನುವ ಕಾಡುಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಯಾರಾದರೂ ತೀರಿಕೊಂಡರೆ ಎರಡು ಈಡು. ನಾನು ಹುಟ್ಟಿದಾಗ ಅಜ್ಜ ಹೊಡೆದ ಈಡಿಗೆ ಪಕ್ಕದ ತೋಟದ ನಾಯಿ ಎರಡು ದಿನ ಮನೆಗೆ ಬರಲಿಲ್ಲವಂತೆ.

ಅಂಥ ಮನೆಯಿಂದ ಬಂದವನಿಗೆ ಕೋವಿ ಸಿಗಲಿಲ್ಲ. ಅದೂ ಟೆಕ್ಸಸ್‌ನಲ್ಲಿ. ಅಪ್ಪನಿಗೆ ಫೋನಿನಲ್ಲಿ ಹೇಗೆ ಹೇಳಲಿ?

ಆ ಕಥೆ 2010ರದ್ದು. ಎಂ.ಎಸ್. ಓದಲು ಬಂದು ಒಂದು ವರ್ಷ ಕಳೆದಿತ್ತು. ಟೆಕ್ಸಸ್ ಅಂದರೆ ಬರೀ ಬಿಸಿಲು ಅಂದುಕೊಂಡು ಬಂದಿದ್ದೆ. ನಾನಿದ್ದದ್ದು ಉತ್ತರದ ಬಯಲಿನಲ್ಲಿ. ನವೆಂಬರ್ ಬಂತೆಂದರೆ ಆ ಗಾಳಿ ಮೂಳೆಗೇ ಹೊಕ್ಕುತ್ತದೆ. ಒಂದು ಸಂಜೆ ದೊಡ್ಡ ಅಂಗಡಿಯೊಂದರಲ್ಲಿ ಜಾಕೆಟ್ ಹಾಕಿ ನೋಡಿದೆ. 87 ಡಾಲರ್. ಬ್ಯಾಂಕಿನಲ್ಲಿ 140 ಇತ್ತು, ಬಾಡಿಗೆ ಕಟ್ಟಬೇಕಿತ್ತು. ಚೀಟಿ ಕಿತ್ತು, ಮೇಲೆ ನನ್ನ ದೊಗಳೆ ಅಂಗಿ ಹಾಕಿಕೊಂಡು ಹೊರಗೆ ನಡೆದೆ. ‘ಮರೆತು ಹಾಕಿಕೊಂಡು ಬಂದುಬಿಟ್ಟೆ’ ಅಂತ ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ಮರೆತಿರಲಿಲ್ಲ.

ಬಾಗಿಲ ಹೊರಗೆ ಇಬ್ಬರು ನಿಂತಿದ್ದರು. ಆ ರಾತ್ರಿ ಕೌಂಟಿ ಜೈಲಿನಲ್ಲಿ ಕಳೆದೆ. ಫೋಟೊ, ಹತ್ತು ಬೆರಳಿನ ಅಚ್ಚು, ಒಂದು ಬೆಂಚು. ಬೆಳಿಗ್ಗೆ ರೂಮ್‌ಮೇಟ್‌ಗಳು ದುಡ್ಡು ಕೂಡಿಸಿ ಜಾಮೀನು ಕಟ್ಟಿದರು.

ಟೆಕ್ಸಸ್‌ನಲ್ಲಿ ಕಳವಿನ ದರ್ಜೆ ನಿಲ್ಲುವುದು ಕದ್ದ ಮಾಲಿನ ಬೆಲೆಯ ಮೇಲೆ. ಆಗಿನ ಲೆಕ್ಕದಲ್ಲಿ 50 ಡಾಲರ್ ಒಳಗೆ ಕ್ಲಾಸ್ ಸಿ, ಬರೀ ದಂಡ. 50ರಿಂದ 500ರ ಒಳಗೆ ಕ್ಲಾಸ್ ಬಿ, 180 ದಿನದವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ. ಅದರ ಮೇಲೆ ಕ್ಲಾಸ್ ಎ, 1,500 ದಾಟಿದರೆ ಫೆಲೊನಿ, ಅಂದರೆ ದೊಡ್ಡ ಅಪರಾಧ. ಈ ಗೆರೆಗಳನ್ನು 2015ರ ಸೆಪ್ಟೆಂಬರ್‌ನಲ್ಲಿ ಮೇಲೆತ್ತಿದರು. ಈಗ 100 ಡಾಲರ್ ಒಳಗಿದ್ದರೆ ಕ್ಲಾಸ್ ಸಿ, ಫೆಲೊನಿ ಶುರುವಾಗುವುದು 2,500ರಿಂದ. ನನ್ನ ಜಾಕೆಟ್ ಐದು ವರ್ಷ ತಡವಾಗಿ ಕದ್ದಿದ್ದರೆ ದಂಡ ಕಟ್ಟಿ ಮನೆಗೆ ಬರುವಂಥದ್ದು. ಕೊರಗಿ ಏನು ಮಾಡುವುದು, ಚಳಿ ಆದದ್ದು ಆಗ!

ವಕೀಲೆ ಒಳ್ಳೆಯವರು. ಫೀಸನ್ನು ಕಂತಿನಲ್ಲಿ ತೆಗೆದುಕೊಂಡರು. ಮೊದಲ ಭೇಟಿಯಲ್ಲೇ ‘ನೀನು ಇಲ್ಲಿನ ಪ್ರಜೆಯಾ?’ ಎಂದು ಕೇಳಿದರು. ಸುಮ್ನೆ ಕೇಳಿದ್ದಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪಡಿಲ್ಲಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ತಪ್ಪೊಪ್ಪಿಕೊಂಡರೆ ಗಡೀಪಾರಿನ ಅಪಾಯ ಇದೆಯೇ ಅಂತ ವಕೀಲರು ಕಕ್ಷಿದಾರನಿಗೆ ತಿಳಿಸಲೇಬೇಕು ಎಂದು.

ನನ್ನ ಮುಂದೆ ಬಂದ ದಾರಿ ಡೆಫರ್ಡ್ ಅಡ್ಜುಡಿಕೇಶನ್. ನಾವು ‘ಡೆಫರ್ಡ್’ ಅಂತಲೇ ಅನ್ನುತ್ತಿದ್ದೆವು. ನೀನು ತಪ್ಪೊಪ್ಪಿಕೊಳ್ಳಬೇಕು, ಇಲ್ಲವೇ ‘ವಾದ ಮಾಡುವುದಿಲ್ಲ’ ಅನ್ನಬೇಕು. ಜಡ್ಜ್ ಅದನ್ನು ಕೇಳಿಸಿಕೊಳ್ಳುತ್ತಾರೆ. ಆದರೆ ‘ನೀನು ಅಪರಾಧಿ’ ಅನ್ನುವ ಮಾತನ್ನು ಹೇಳದೆ ಮುಂದಕ್ಕೆ ಹಾಕುತ್ತಾರೆ. ಪ್ರೊಬೇಷನ್, ಅಂದರೆ ಜೈಲಿನ ಹೊರಗೆ ನಿಗಾದಲ್ಲಿರುವ ಅವಧಿ, ಸರಿಯಾಗಿ ಮುಗಿಸಿದರೆ ಕೇಸು ವಜಾ. ಎಡವಿದರೆ ಹಳೆಯ ಒಪ್ಪಿಗೆಯ ಮೇಲೆಯೇ ಶಿಕ್ಷೆ. 2011ರ ಫೆಬ್ರವರಿಯಲ್ಲಿ ‘ವಾದ ಮಾಡುವುದಿಲ್ಲ’ ಅಂದೆ. ಒಂಬತ್ತು ತಿಂಗಳ ಪ್ರೊಬೇಷನ್, ದಂಡ, 40 ಗಂಟೆ ಸಮಾಜಸೇವೆ, ಕಳವು ಮಾಡಬಾರದು ಅಂತ ಹೇಳಿಕೊಡುವ ಒಂದು ದಿನದ ಪಾಠ. ಬಡವರಿಗೆ ದವಸ ಹಂಚುವ ಕಡೆ ಡಬ್ಬಿ ಹೊತ್ತು 40 ಗಂಟೆ ಮುಗಿಸಿದೆ. ನವೆಂಬರ್‌ನಲ್ಲಿ ಕೇಸು ವಜಾ ಆಯಿತು.

‘ನೀನು ಕನ್ವಿಕ್ಟ್ ಆಗಿಲ್ಲ, ಅಪರಾಧಿ ಅಂತ ತೀರ್ಮಾನ ಆಗಿಲ್ಲ, ನೆನಪಿಟ್ಟುಕೋ’ ಅಂದರು ವಕೀಲೆ. ಬಾಗಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದರು. ‘ಟೆಕ್ಸಸ್ ಕಣ್ಣಿನಲ್ಲಿ. ವೀಸಾದವರ ಕಣ್ಣಿನಲ್ಲಿ ಆಗಿದ್ದೀಯ.’

ಇದನ್ನು ಅರಗಿಸಿಕೊಳ್ಳಲು ನನಗೆ ವರ್ಷಗಳೇ ಬೇಕಾದವು. ನಮ್ಮ ತಾಲ್ಲೂಕು ಕಚೇರಿಯಲ್ಲಿ ಒಂದು ಕಿಟಕಿಯಲ್ಲಿ ‘ಈ ಜಾಗ ನಿಮ್ಮದೇ’ ಅಂದು ಪಕ್ಕದ ಕಿಟಕಿಯಲ್ಲಿ ‘ಯಾರು ಹೇಳಿದ್ದು?’ ಅನ್ನುತ್ತಾರಲ್ಲ, ಹಾಗೆ. ಇಲ್ಲಿನ ವಲಸೆ ಕಾನೂನಿಗೆ ಜಡ್ಜ್ ಏನು ಮುಂದಕ್ಕೆ ಹಾಕಿದರು ಅನ್ನುವುದು ಬೇಕಾಗಿಲ್ಲ. ತಪ್ಪೊಪ್ಪಿಗೆ ಅಥವಾ ‘ವಾದ ಮಾಡುವುದಿಲ್ಲ’ ಅನ್ನುವ ಮಾತು ಇದೆಯಾ? ಜೊತೆಗೆ ಏನಾದರೂ ಶಿಕ್ಷೆಯೋ ನಿರ್ಬಂಧವೋ ಇದೆಯಾ? ಎರಡೂ ಇದ್ದರೆ ಕನ್ವಿಕ್ಷನ್. ಕಳವು ಬೇರೆ ನೀತಿಗೆಟ್ಟ ಅಪರಾಧಗಳ ಗುಂಪಿಗೆ ಸೇರುತ್ತದೆ. ನನ್ನನ್ನು ಉಳಿಸಿದ್ದು ಸಣ್ಣ ಅಪರಾಧದ ವಿನಾಯಿತಿ. ಅಂಥದ್ದು ಒಂದೇ ಆಗಿರಬೇಕು, ಗರಿಷ್ಠ ಶಿಕ್ಷೆ ಒಂದು ವರ್ಷ ಮೀರಬಾರದು, ಕೊಟ್ಟ ಜೈಲು ಆರು ತಿಂಗಳು ಮೀರಬಾರದು. ಕ್ಲಾಸ್ ಬಿ ಅದರೊಳಗೆ ಕೂತಿತು. ತಪ್ಪೊಪ್ಪಿಗೆಯೇ ಇಲ್ಲದ ಪ್ರಿಟ್ರಯಲ್ ಡೈವರ್ಷನ್ ಅನ್ನುವ ದಾರಿಯೂ ಕೆಲವು ಕಡೆ ಇರುತ್ತದೆ. ಪರೀಕ್ಷೆ ಹತ್ತಿರ ಬಂತು, ಬೇಗ ಮುಗಿದರೆ ಸಾಕು ಅಂತ ನಾನು ಅದಕ್ಕೆ ಜಾಸ್ತಿ ಒತ್ತಾಯ ಮಾಡಲಿಲ್ಲ. ಈಗ ಯಾರಾದರೂ ಹುಡುಗರು ಸಿಕ್ಕಿಬಿದ್ದು ಫೋನ್ ಮಾಡಿದರೆ ಮೊದಲು ಅದನ್ನೇ ಕೇಳಿ ಅನ್ನುತ್ತೇನೆ.

ಮುಂದಿನ ಹನ್ನೊಂದು ವರ್ಷವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ಕೆಲಸ, ಎಚ್-1ಬಿ, ಪ್ರತಿ ಅರ್ಜಿಯಲ್ಲೂ ‘ಎಂದಾದರೂ ಬಂಧನ ಆಗಿತ್ತಾ?’ ಎಂಬ ಪ್ರಶ್ನೆ, ಪ್ರತಿ ಸಲವೂ ‘ಹೌದು’, ಜೊತೆಗೆ ಕೋರ್ಟಿನ ಮೊಹರಿನ ನಕಲು. 2022ರಲ್ಲಿ ಗ್ರೀನ್ ಕಾರ್ಡ್ ಬಂತು.

ಅಲ್ಲಿಯವರೆಗೆ ನಾನು ಕೋವಿ ಮುಟ್ಟಿರಲಿಲ್ಲ. ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಓದಲು ಬಂದವರ ಎಫ್-1, ಕೆಲಸಕ್ಕೆ ಬಂದವರ ಎಚ್-1ಬಿ ಥರದ ವೀಸಾದಲ್ಲಿ ಇರುವವರು ಕೋವಿಯನ್ನು ಕೊಳ್ಳುವಂತೆಯೂ ಇಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಹಂಟಿಂಗ್ ಲೈಸೆನ್ಸ್ ಇದ್ದವರಿಗೆ, ಇನ್ನೂ ಕೆಲವರಿಗೆ ವಿನಾಯಿತಿ ಇದೆ ಅಷ್ಟೇ. ವಾರದ ಕೊನೆಗೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದು ಫೋಟೊ ಹಾಕುವ ನಮ್ಮ ಸಾಫ್ಟ್‌ವೇರ್ ಹುಡುಗರನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಗ್ರೀನ್ ಕಾರ್ಡ್ ಇದ್ದರೆ ಆ ತಡೆ ಇಲ್ಲ.

ಕೋವಿ ಬೇಕು ಅನ್ನಿಸಿದ್ದು ಹಂದಿಯಿಂದ. ಸಹೋದ್ಯೋಗಿಯೊಬ್ಬರ ಜಮೀನಿಗೆ ಹೋಗಿದ್ದೆ. ಹುಲ್ಲುಗಾವಲನ್ನು ಕಾಡುಹಂದಿಗಳು ಉತ್ತ ಹಾಗೆ ಕೆದರಿ ಹಾಕಿದ್ದವು. ನಮ್ಮ ತೋಟದ ಕೆಳಗಿನ ಗದ್ದೆಯನ್ನೇ ನೋಡಿದಂತಾಯಿತು. ಟೆಕ್ಸಸ್‌ನಲ್ಲಿ ಜಮೀನಿನ ಮಾಲೀಕರು ಒಪ್ಪಿದರೆ ಹಂದಿ ಹೊಡೆಯಲು 2019ರಿಂದ ಹಂಟಿಂಗ್ ಲೈಸೆನ್ಸೂ ಬೇಡ. ‘ನಿನ್ನದೇ ಕೋವಿ ತಂದುಕೋ, ಯಾವಾಗ ಬೇಕಾದರೂ ಬಾ’ ಅಂದರು. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ‘ಕೈಲ್ ಪೊಳ್ದಿನ ಒಳಗೆ ತಗೋ. ಪೂಜೆ ಮಾಡಿ ಫೋಟೊ ಕಳಿಸು’ ಅಂದರು.

ಅಂಗಡಿಯಲ್ಲಿ ಮೊದಲು ತುಂಬಬೇಕಾದದ್ದು 4473 ಅನ್ನುವ ಫಾರಂ. ಅದರ ಒಂದು ಪ್ರಶ್ನೆಯ ಮೇಲೆ ನಾನು ಹತ್ತು ನಿಮಿಷ ಕೂತೆ. ಯಾವುದಾದರೂ ಕೋರ್ಟಿನಲ್ಲಿ ಫೆಲೊನಿಗೆ, ಅಥವಾ ಜಡ್ಜ್ ಒಂದು ವರ್ಷಕ್ಕಿಂತ ಜಾಸ್ತಿ ಜೈಲು ಕೊಡಬಹುದಾಗಿದ್ದ ಅಪರಾಧಕ್ಕೆ, ನೀವು ಕನ್ವಿಕ್ಟ್ ಆಗಿದ್ದೀರಾ? ಕೊಟ್ಟಿದ್ದು ಎಷ್ಟು ಅಂತ ಕೇಳುತ್ತಿಲ್ಲ, ‘ಕೊಡಬಹುದಾಗಿದ್ದ’ ಅಂತ ಕೇಳುತ್ತಿದೆ. ಪ್ರೊಬೇಷನ್ ಮಾತ್ರ ಆಗಿತ್ತು ಅಂತ ‘ಇಲ್ಲ’ ಬರೆದು ಎಡವುವವರು ಇಲ್ಲೇ ಎಡವುವುದು. ಸುಳ್ಳು ಬರೆದರೆ ಅದೇ ಒಂದು ಫೆಲೊನಿ, ಹತ್ತು ವರ್ಷದವರೆಗೆ ಜೈಲು ಆಗಬಹುದು. ಗ್ರೀನ್ ಕಾರ್ಡಿನವನಿಗೆ ಅದರ ಹಿಂದೆಯೇ ಗಡೀಪಾರಿನ ಭಯ.

ಹಿಂದಿನ ವಾರವೇ ಹಳೆಯ ವಕೀಲೆಗೆ ಫೋನ್ ಮಾಡಿ ಕೇಳಿದ್ದೆ. ಅವರು ಬಿಡಿಸಿ ಹೇಳಿದ್ದು ಇಷ್ಟು. ಕೇಂದ್ರದ ಕೋವಿ ಕಾನೂನು ‘ಕನ್ವಿಕ್ಷನ್ ಆಗಿದೆಯೋ ಇಲ್ಲವೋ’ ಅನ್ನುವುದನ್ನು ತಾನೇ ನಿರ್ಧರಿಸುವುದಿಲ್ಲ. ಕೇಸು ನಡೆದ ರಾಜ್ಯದ ಕಾನೂನನ್ನು ಕೇಳುತ್ತದೆ. ಮುಗಿದುಹೋದ ಡೆಫರ್ಡ್ ಅನ್ನು ಟೆಕ್ಸಸ್ ಕನ್ವಿಕ್ಷನ್ ಅನ್ನುವುದಿಲ್ಲ. ಅದು ಹಾಗಿರಲಿ, ನನ್ನದು ಕ್ಲಾಸ್ ಬಿ, ಗರಿಷ್ಠ 180 ದಿನ. ಎರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ಶಿಕ್ಷೆಯ ರಾಜ್ಯದ ಸಣ್ಣ ಅಪರಾಧಗಳು ಈ ಲೆಕ್ಕಕ್ಕೇ ಬರುವುದಿಲ್ಲ. ‘ಪೂರ್ತಿ ಶಿಕ್ಷೆ ಆಗಿದ್ದರೂ ನೀನು ಇಲ್ಲಿ “ಇಲ್ಲ” ಅಂತಲೇ ಬರೆಯಬಹುದಿತ್ತು’ ಅಂದರು. ‘ಇಲ್ಲ’ ಅಂತ ಬರೆದೆ. ಆದರೂ ಕೈ ನಡುಗಿತು.

ಫಾರಂ ಆದ ಮೇಲೆ ಅಂಗಡಿಯವರು ಕೊಳ್ಳುವವರ ಹಿನ್ನೆಲೆ ತಪಾಸಣೆ ಮಾಡುವ ಎಫ್‌ಬಿಐನ ನಿಕ್ಸ್ ವ್ಯವಸ್ಥೆಯನ್ನು ಕೇಳುತ್ತಾರೆ. 1998ರ ನವೆಂಬರ್ 30ರಿಂದ ನಡೆಯುತ್ತಿರುವ ಪದ್ಧತಿ. ಉತ್ತರ ಮೂರೇ ಬಗೆ. ಪ್ರೊಸೀಡ್, ಅಂದರೆ ಕೊಡಿ. ಡಿನೈ, ಅಂದರೆ ಕೊಡಬೇಡಿ. ಡಿಲೇ, ಅಂದರೆ ತಾಳಿ, ನೋಡಬೇಕು. ಮೂರು ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ ಅಂಗಡಿಯವರು ಕೋವಿ ಕೊಡಬಹುದು ಅನ್ನುತ್ತದೆ ಕಾನೂನು. ಕೊಡಲೇಬೇಕು ಅನ್ನುವುದಿಲ್ಲ. ಈ ಅಂಗಡಿಯ ನಿಯಮ, ಪ್ರೊಸೀಡ್ ಬಾರದೆ ಕೋವಿ ಕದಲುವುದಿಲ್ಲ. ಒಂದು ಸಲದ ತಪಾಸಣೆ ನಡೆಯುವುದು 30 ದಿನ ಮಾತ್ರ. ಆಮೇಲೆ ಫಾರಂ ಮತ್ತೆ ಹೊಸದಾಗಿ.

ಮೂರು ದಿನ ಆಯಿತು. ಮೂವತ್ತು ದಿನವೂ ಆಯಿತು. ನಡುವೆ ಕೈಲ್ ಪೊಳ್ದ್ ಬಂದು ಹೋಯಿತು.

‘ಅಲ್ಲಿ ಅಂಗಡೀಲೇ ಸಿಗುತ್ತಂತಲ್ಲ, ತರಕಾರಿ ಥರ?’ ಅಪ್ಪ ಕೇಳಿದರು.

‘ನನಗೆ ಬೇಕಾದ್ದು ಸ್ಟಾಕ್ ಇಲ್ಲ ಅಪ್ಪ’ ಅಂದೆ.

ಆಮೇಲೆ ನಾನೇ ಬೆನ್ನು ಹತ್ತಿದೆ. ಎಫ್‌ಬಿಐ ಹತ್ತಿರ ನಮ್ಮ ಬಗ್ಗೆ ಏನಿದೆ ಅಂತ ಯಾರು ಬೇಕಾದರೂ ಕೇಳಬಹುದು. ಶುಲ್ಕ 18 ಡಾಲರ್, ಬೆರಳಚ್ಚು ಕೊಡಬೇಕು, ಕೆಲವು ಅಂಚೆ ಕಚೇರಿಗಳಲ್ಲೇ ತೆಗೆಯುತ್ತಾರೆ. ಬಂದ ದಾಖಲೆ ಒಂದೇ ಪುಟ. 2010, ಬಂಧನ, ಕಳವು. ಅದರ ಕೆಳಗೆ ಖಾಲಿ. ಯಾವ ದರ್ಜೆಯ ಕಳವು, ಕೇಸು ಏನಾಯಿತು, ವಜಾ ಆಯಿತೋ ಇಲ್ಲವೋ, ಒಂದೂ ಇಲ್ಲ. ಆ ಪುಟ ನೋಡಿದವರಿಗೆ ನಾನು 13 ವರ್ಷದಿಂದ ಆ ಜೈಲಿನ ಬೆಂಚಿನ ಮೇಲೇ ಕೂತಿದ್ದೇನೆ! ಫೆಲೊನಿ ಕೇಸು ಬಾಕಿ ಇರುವವನಿಗೂ ಹೊಸ ಕೋವಿ ಕೊಡುವಂತಿಲ್ಲ. ಇದು ಯಾವುದು ಅಂತ ಗೊತ್ತಾಗದಿದ್ದರೆ ತಪಾಸಣೆ ಮಾಡುವವರು ತಡೆಹಿಡಿಯದೆ ಏನು ಮಾಡುತ್ತಾರೆ?

ರಜೆ ಹಾಕಿ, ಐದು ಗಂಟೆ ಕಾರು ಓಡಿಸಿ ಹಳೆಯ ಊರಿನ ಕೋರ್ಟಿಗೆ ಹೋದೆ. ಕಚೇರಿಯ ಅಜ್ಜಿಯೊಬ್ಬರು ಎಲ್ಲರನ್ನೂ ‘ಹನಿ’ ಅಂತಲೇ ಕರೆಯುತ್ತಿದ್ದರು, ನನ್ನನ್ನೂ. ಫೈಲು ತೆಗೆದರು. ವಜಾ ಆದೇಶ ಇತ್ತು, ಜಡ್ಜ್ ಸಹಿಯೂ ಇತ್ತು. ರಾಜ್ಯದ ದಾಖಲೆಗೆ ಮಾತ್ರ ಅದನ್ನು ಯಾರೂ ಕಳಿಸಿರಲಿಲ್ಲ. ‘ಆಗುತ್ತೆ ಹನಿ, ಈಗ ಕಳಿಸುತ್ತೇನೆ’ ಅಂದರು. ವೀಸಾ ಅರ್ಜಿಗಳಿಗೆ ನಾನೇ ನಕಲು ಲಗತ್ತಿಸುತ್ತಿದ್ದೆನಲ್ಲ, ಹಾಗಾಗಿ ಅಲ್ಲಿ ಇದು ಗೊತ್ತೇ ಆಗಿರಲಿಲ್ಲ. ಕೋವಿ ಅಂಗಡಿಯಲ್ಲಿ ನಕಲು ತೋರಿಸುವ ಜಾಗವೇ ಇಲ್ಲ. ಅಲ್ಲಿ ಮಾತಾಡುವುದು ದಾಖಲೆ ಮಾತ್ರ.

ಮೊಹರಿನ ನಕಲುಗಳನ್ನು ಆಸ್ಟಿನ್‌ನಲ್ಲಿರುವ ಡಿಪಿಎಸ್‌ಗೂ, ಅಂದರೆ ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಗೂ, ಕಳಿಸಿದೆ. ರಾಜ್ಯದ ಅಪರಾಧ ದಾಖಲೆ ಇರುವುದು ಅವರ ಹತ್ತಿರ. ಅಲ್ಲಿ ತಿದ್ದಿದ್ದು ಎಫ್‌ಬಿಐವರೆಗೆ ಹೋಗಬೇಕು. ಡಿಸೆಂಬರ್‌ನಲ್ಲಿ ಮತ್ತೆ 4473 ತುಂಬಿದೆ. ಈ ಸಲ ಕಾಫಿ ತಣ್ಣಗಾಗುವ ಮೊದಲೇ ಪ್ರೊಸೀಡ್ ಬಂತು.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಇನ್ನೊಂದು ಕಿಟಕಿ ಇತ್ತು. ಟೆಕ್ಸಸ್‌ನ ಎಲ್‌ಟಿಸಿ, ಅಂದರೆ ಪಿಸ್ತೂಲು ಜೊತೆಗೆ ಒಯ್ಯುವ ಪರವಾನಗಿ. 2021ರ ಸೆಪ್ಟೆಂಬರ್‌ನಿಂದ 21 ವರ್ಷ ತುಂಬಿದ, ಬೇರೆ ತಡೆ ಇಲ್ಲದವರು ಅದಿಲ್ಲದೆಯೂ ಒಯ್ಯಬಹುದು. ಆದರೂ ಜನ ಮಾಡಿಸುತ್ತಾರೆ. ಅದಿದ್ದರೆ ಕೋವಿ ಕೊಳ್ಳುವಾಗ ಅಂಗಡಿಯವರು ನಿಕ್ಸ್ ಕೇಳಬೇಕಾಗಿಲ್ಲ. ಡಿಲೇ ಅನ್ನುವ ಪದ ಇನ್ನೊಮ್ಮೆ ಕೇಳುವ ಶಕ್ತಿ ನನಗಿರಲಿಲ್ಲ.

ಎಲ್‌ಟಿಸಿ ಕಾನೂನು ಓದಿ ನಗು ಬಂತು. ಟೆಕ್ಸಸ್‌ನಲ್ಲಿ ಡೆಫರ್ಡ್ ಅಂದರೆ ಕನ್ವಿಕ್ಷನ್ ಅಲ್ಲ ಅಂತ ತಾನೇ ಹೇಳಿದ್ದು? ಅದೇ ಟೆಕ್ಸಸ್ ಈ ಒಂದು ಪರವಾನಗಿಯ ಮಟ್ಟಿಗೆ ಡೆಫರ್ಡ್ ಕೂಡ ಕನ್ವಿಕ್ಷನ್ ಅನ್ನುತ್ತದೆ, ಅವಧಿ ಮುಗಿಸಿದ್ದರೂ ಸರಿ. ಕ್ಲಾಸ್ ಎ, ಕ್ಲಾಸ್ ಬಿ ಆದರೆ ಐದು ವರ್ಷ ಅರ್ಜಿ ಹಾಕುವಂತಿಲ್ಲ. ಫೆಲೊನಿಯ ಡೆಫರ್ಡ್ ಆದರೆ ಆದೇಶದಿಂದ ಹತ್ತು ವರ್ಷ. ಮೈಮೇಲೆ ಬೀಳುವಂಥ ಕೆಲವು ಅಪರಾಧಗಳಿಗೆ ಹತ್ತು ವರ್ಷ ಕಳೆದರೂ ದಾರಿ ಇಲ್ಲ. ನನ್ನ ಐದು ವರ್ಷ 2016ರಲ್ಲೇ ಮುಗಿದಿತ್ತು.

ಎಲ್‌ಟಿಸಿಗಾಗಿ ಸೇರಿದ್ದ ತರಗತಿಯಲ್ಲಿ ಸಿಕ್ಕ ಹುಡುಗನೊಬ್ಬನಿಗೆ ಕಾಯುವ ಅವಧಿ ಮುಗಿದಿರಲಿಲ್ಲ. ಇಲ್ಲೇ ಹುಟ್ಟಿದವನು, ಹಾಗಾಗಿ ವೀಸಾ ಚಿಂತೆ ಇಲ್ಲ. ಅಂಗಡಿಯೊಂದರಲ್ಲಿ ಕ್ಯಾಷಿಯರ್ ಆಗಿದ್ದಾಗ ಗೆಳೆಯರ ಸಾಮಾನನ್ನು ಬಿಲ್ ಮಾಡದೆ ಬಿಟ್ಟಿದ್ದನಂತೆ. ದಿನಕ್ಕೆ ಹತ್ತೋ ಇಪ್ಪತ್ತೋ ಡಾಲರ್. ಎಲ್ಲ ಕೂಡಿಸಿ 2,500 ದಾಟಿಸಿದರು, ಫೆಲೊನಿ ಆಯಿತು. 2018ರಲ್ಲಿ ಡೆಫರ್ಡ್, ಮೂರು ವರ್ಷದಲ್ಲಿ ವಜಾ. ಅಂಗಡಿಯಲ್ಲಿ ಕೋವಿ ಕೊಂಡಿದ್ದ, ಅದಕ್ಕೆ ಅಡ್ಡಿ ಆಗಿರಲಿಲ್ಲ. ಎಲ್‌ಟಿಸಿಗೆ ಮಾತ್ರ 2028ರವರೆಗೆ ಕಾಯಬೇಕು. ದುಡ್ಡು ಕಟ್ಟಿ ತರಗತಿಗೆ ಬಂದು ಕೂತ ಮೇಲೆ ಇದು ಗೊತ್ತಾಯಿತು, ಪಾಪ. ಬೇರೆ ರಾಜ್ಯದಲ್ಲಿ ಇದೇ ಥರದ ಕೇಸು ಆದವರು ನನ್ನ ಕಥೆ ನಂಬಿಕೊಂಡು ಫಾರಂ ತುಂಬಬಾರದು. ಅಲ್ಲಿನ ಕಾನೂನು ಅದನ್ನು ಏನೆಂದು ಕರೆಯುತ್ತದೋ ಅದೇ ಲೆಕ್ಕ.

ಗುರಿ ಪರೀಕ್ಷೆಯಲ್ಲಿ 50 ಗುಂಡು. 3, 7, 15 ಗಜದ ದೂರ. 250 ಅಂಕಕ್ಕೆ 175 ಬಂದರೆ ಪಾಸು. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿ ಬೆಳೆದವನಿಗೆ ಇದೇನು ಅಂದುಕೊಂಡು ಹೋದೆ. ಪಿಸ್ತೂಲು ಬೇರೆಯೇ ಪ್ರಾಣಿ. 221 ಬಂತು. ಅರ್ಜಿಯ ಶುಲ್ಕ 40 ಡಾಲರ್. 2011ರ ಆದೇಶವನ್ನು ಮುಚ್ಚಿಡದೆ ಬರೆದು, ನಕಲು ಲಗತ್ತಿಸಿದೆ. ಎರಡು ತಿಂಗಳ ಒಳಗೆ ಕಾರ್ಡ್ ಬಂತು.

2024ರ ಕೈಲ್ ಪೊಳ್ದಿಗೆ ಕೋವಿ ಮನೆಯಲ್ಲಿತ್ತು. ಇಲ್ಲಿ ತೋಕ್ ಪೂ ಎಲ್ಲಿಂದ ತರುವುದು? ಹೆಂಡತಿ ಹಿತ್ತಿಲಿನ ದಾಸವಾಳ ಸಿಕ್ಕಿಸಿದಳು. ಫೋಟೊ ಕಳಿಸಿದೆ. ಅಪ್ಪ ಕೂಡಲೇ ಫೋನ್ ಮಾಡಿದರು. ಕೋವಿ ಹೊಗಳಿದರು, ದಾಸವಾಳಕ್ಕೆ ನಕ್ಕರು. ಆಮೇಲೆ ‘ಒಂದು ವರ್ಷ ಸ್ಟಾಕ್ ಇರಲಿಲ್ವಾ?’ ಅಂದರು.

ಹೇಳಿಬಿಟ್ಟೆ. ಜಾಕೆಟ್ಟು, ಜೈಲು, ಕೋರ್ಟು, ಎಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಬಂತು.

‘ಎಷ್ಟು ಅದಕ್ಕೆ?’

‘87 ಡಾಲರ್.’

ಅಪ್ಪ ರೂಪಾಯಿಗೆ ಲೆಕ್ಕ ಹಾಕಿರಬೇಕು. ‘ಆ ವರ್ಷ ಕರಿಮೆಣಸಿಗೆ ಒಳ್ಳೆ ರೇಟಿತ್ತು. ಒಂದು ಫೋನ್ ಮಾಡಿದ್ರೆ ಕಳಿಸ್ತಿದ್ದೆ’ ಅಂದರು. ಅದಾದ ಮೇಲೆ ಹಂದಿ ಸಿಕ್ಕಿತಾ, ಅಲ್ಲಿನ ಹಂದಿಗೆ ಕೊಬ್ಬು ಎಷ್ಟಿರುತ್ತದೆ, ಹಂದಿ ಸಾರಿಗೆ ಹಾಕುವ ಹುಳಿ, ಕಾಚಂಪುಳಿ, ಕಳಿಸಬೇಕಾ ಅಂತ ಕೇಳಿದರು.

2027ರಲ್ಲಿ ಸಿಟಿಜನ್‌ಶಿಪ್ ಅರ್ಜಿ ಹಾಕಬೇಕು. ಅದರಲ್ಲೂ ಅದೇ ಪ್ರಶ್ನೆ ಇದೆ, ಎಂದಾದರೂ ಬಂಧನ ಆಗಿತ್ತಾ ಅಂತ. ಹನಿ ಅಜ್ಜಿಗೆ ಹೇಳಿ ಮೊಹರಿನ ನಕಲು ಐದು ತರಿಸಿಟ್ಟಿದ್ದೇನೆ. ಎರಡು ಖರ್ಚಾಗಿವೆ.